ನುಂಗುವ ಹಿಟ್ಟು

ಮಿಕ್ಸಿ ಸುಟ್ಟುಹೋದದ್ದು ನಾನು ಆ ಮನೆಗೆ ಹೋದ ಮಾರನೆಯ ದಿನವೇ. ಲೊಕ್ಕನಹಳ್ಳಿಯಿಂದ ಆಚೆ, ಕಾಡಿನ ಅಂಚಿಗೆ ಹೊಲದಲ್ಲೇ ಕಟ್ಟಿಕೊಂಡ ಮನೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗಲೂ ಬಲ್ಬು ಕೆಂಪಗೆ ಮಿಣಮಿಣ ಅನ್ನುವಷ್ಟೇ. ಬೆಂದ ಅನ್ನ, ಬೇಳೆಯನ್ನು ಜಾರಿಗೆ ಹಾಕಿ ಗುಂಡಿ ತಿರುಗಿಸಿದೆ. ಅದು ಒಂದು ಸಲ ಮುಲುಗಿತು, ಸುಟ್ಟ ವಾಸನೆ ಬಂತು, ಕತೆ ಮುಗಿಯಿತು. ‘ಕಾಲಿಟ್ಟ ಗಳಿಗೆಗೇ ಮಿಕ್ಸಿ ನುಂಗಿದೆಯಲ್ಲೇ’ ಎಂದು ನನ್ನನ್ನು ನಾನೇ ಬೈದುಕೊಂಡೆ. ಬೈಯುವುದಕ್ಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ನಾನು ಮನೆಗಳಿಗೆ ಹೋಗಿ, ಅಲ್ಲೇ ಇದ್ದು ರೋಗಿಗಳನ್ನು ನೋಡಿಕೊಳ್ಳುವವಳು. ಜನ ನರ್ಸಮ್ಮ ಅನ್ನುತ್ತಾರೆ, ನಾನು ನರ್ಸಿಂಗ್ ಓದಿದವಳಲ್ಲ. ಈ ಸಲದ ರೋಗಿ ಐವತ್ತು ದಾಟಿದ ಹೆಂಗಸು. ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಬಡಿಸುತ್ತಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರ ಗಂಡನನ್ನು ಅಣ್ಣ. ಮಕ್ಕಳಿರಲಿಲ್ಲ. ಹನೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದ ಅಕ್ಕನ ತಮ್ಮ ನನ್ನನ್ನು ಕೊಳ್ಳೇಗಾಲದಿಂದ ಕರೆಸಿ ಬಿಟ್ಟುಹೋಗಿದ್ದ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಮೂಗಿನಿಂದ ಹೊಟ್ಟೆಗೆ ಪೈಪು ಇಳಿಸಿ ಊಟ ಬಿಡುತ್ತಿದ್ದರು. ಅಕ್ಕ ಸರಿಯಿದ್ದ ಎಡಗೈಯಲ್ಲಿ ಅದನ್ನು ಕಿತ್ತು ಎಸೆಯುತ್ತಿದ್ದರು. ಮತ್ತೆ ಹಾಕುವುದು, ಮತ್ತೆ ಕೀಳುವುದು. ಕೊನೆಗೆ ಬಟ್ಟೆಯಲ್ಲಿ ಎಡಗೈಯನ್ನೂ ಮಂಚಕ್ಕೆ ಕಟ್ಟಬೇಕಾಯಿತಂತೆ. ಪೈಪು ತೆಗೆದು ಮನೆಗೆ ಕಳಿಸುವಾಗ, ನುಂಗುವುದನ್ನು ಕಲಿಸುವ ಮೇಡಂ ನನ್ನನ್ನೇ ಎದುರು ನಿಲ್ಲಿಸಿ ಹೇಳಿದ್ದರು: “ತಿಂಗಳಾದ ಮೇಲೆ ಕರ್ಕೊಂಡು ಬನ್ನಿ. ಅಷ್ಟರೊಳಗೆ ಬಾಯಲ್ಲಿ ಹೊಟ್ಟೆ ತುಂಬಾ ತಿಂತಿರಬೇಕು. ಇಲ್ಲಾಂದ್ರೆ ಪೈಪ್ ಮತ್ತೆ ಹಾಕಲೇಬೇಕಾಗತ್ತೆ.” ಪೈಪು ಅಂದದ್ದೇ ತಡ, ಗಾಲಿಕುರ್ಚಿಯಲ್ಲಿದ್ದ ಅಕ್ಕನ ಎಡಗೈ ಮೂಗನ್ನು ಮುಚ್ಚಿಕೊಂಡಿತು.

ಊಟ ಹೇಗಿರಬೇಕೆಂದೂ ಮೇಡಂ ಹೇಳಿದ್ದರು. ಚಮಚದಲ್ಲಿ ತೆಗೆದರೆ ನಿಲ್ಲಬೇಕು, ಓರೆ ಮಾಡಿದರೆ ಒಟ್ಟಿಗೆ ಜಾರಬೇಕು. ಹನಿಹನಿಯಾಗಿ ಸುರಿಯಬಾರದು, ಅಂಟಿಕೊಂಡೂ ಕೂರಬಾರದು. ಕಾಳಿರಬಾರದು, ನಾರಿರಬಾರದು, ಸಿಪ್ಪೆಯಿರಬಾರದು. ಎಲ್ಲಕ್ಕಿಂತ ಅಪಾಯ ಬರೀ ನೀರು. ಅದು ತಡೆಯಿಲ್ಲದೆ ಓಡಿ ಶ್ವಾಸದ ದಾರಿಗೆ ಇಳಿಯುತ್ತದೆ. ಮಿಕ್ಸಿ ಇದ್ದಿದ್ದರೆ ಇದೇನೂ ದೊಡ್ಡ ಮಾತಲ್ಲ. ಹೊಸದು ತರಿಸೋಣವೆಂದರೆ ಆ ಕರೆಂಟಿಗೆ ಅದೂ ಉಳಿಯುವುದು ಅಷ್ಟರಲ್ಲೇ ಇತ್ತು. ಮನೆಯಲ್ಲಿ ಇದ್ದದ್ದು ಹಿತ್ತಿಲಿನ ಒರಳುಕಲ್ಲು, ಸೊಪ್ಪು ಮಸೆಯುವ ಮರದ ಕೋಲು, ಹಿಟ್ಟಿನ ಜರಡಿ, ಟೀ ಸೋಸುವ ಜಾಲರಿ.

ಮೊದಲು ಅನ್ನ. ಮೆತ್ತಗೆ ಬೇಯಿಸಿ, ಆರಿದ ಮೇಲೆ ಕೋಲಿನಲ್ಲಿ ಮಸೆದೆ. ಅದು ಗೋಡೆಗೆ ಕಾಗದ ಅಂಟಿಸುವ ಗೋಂದಾಯಿತು. ಚಮಚ ಬೋರಲು ಹಾಕಿದರೂ ಬೀಳಲೊಲ್ಲದು. ಅನ್ನವನ್ನು ಸುಡುಸುಡು ಇರುವಾಗಲೇ, ಬಿಸಿ ಬೇಳೆಕಟ್ಟು ಸೇರಿಸುತ್ತಾ ಮಸೆಯಬೇಕೆಂದು ಗೊತ್ತಾಗುವ ಹೊತ್ತಿಗೆ ನನ್ನ ಬೆರಳ ತುದಿಗಳು ಕೆಂಪಾಗಿದ್ದವು. ತೊಗರಿಬೇಳೆ ನೆನೆಹಾಕಿದರೆ ಮಾತು ಕೇಳುತ್ತಿತ್ತು. ಅವರೆಕಾಳು ಕೇಳುತ್ತಿರಲಿಲ್ಲ, ಒಂದೊಂದನ್ನೂ ಹಿಸುಕಿ ಸಿಪ್ಪೆ ಬಿಡಿಸಬೇಕು. ಸಿಹಿಗುಂಬಳ ಬಂಗಾರದಂಥದ್ದು, ಬೆಂದರೆ ತಾನೇ ಕರಗುತ್ತದೆ. ಸೊಪ್ಪು ಮಾತ್ರ ನನ್ನ ಪ್ರಾಣ ತಿಂದಿತು. ಎಷ್ಟು ಮಸೆದರೂ ನಾರು ಹಾಗೇ ನಿಲ್ಲುತ್ತಿತ್ತು.

ಆಗ ನನಗೊಂದು ದೊಡ್ಡ ಉಪಾಯ ಹೊಳೆಯಿತು. ಹಳೆಯ ಪಂಚೆಯ ತುಂಡು ಕುದಿಸಿ ತೊಳೆದು, ಅದರಲ್ಲಿ ಸೊಪ್ಪು ಕಟ್ಟಿ ಹಿಂಡಿದೆ. ಕೆಳಗೆ ಬಿದ್ದದ್ದು ನುಣ್ಣಗಿತ್ತು, ಒಂದು ಎಳೆ ನಾರಿಲ್ಲ. ಖುಷಿಯಾಗಿ ಅನ್ನಕ್ಕೆ ಕಲಸಿ ಅಕ್ಕನಿಗೆ ಕೊಟ್ಟೆ. ಎರಡನೇ ಚಮಚಕ್ಕೆ ಕೆಮ್ಮು ಹತ್ತಿತು, ಕಣ್ಣು ಮೇಲಾಯಿತು, ಗಂಟಲಲ್ಲಿ ಗೊರಗೊರ ಸದ್ದು. ಬಟ್ಟೆ ನೀರನ್ನು ಮಾತ್ರ ಬಿಡುತ್ತದೆ, ತಿರುಳನ್ನು ತಾನೇ ಇಟ್ಟುಕೊಳ್ಳುತ್ತದೆ. ನನಗೆ ಬೇಕಿದ್ದದ್ದು ತಿರುಳು, ನಾನು ಕೊಟ್ಟದ್ದು ಬಣ್ಣದ ನೀರು. ಅಂದಿನಿಂದ ಬಟ್ಟೆ ಬಿಟ್ಟು ಜಾಲರಿ ಹಿಡಿದೆ. ಎಲೆಗಳನ್ನಷ್ಟೇ ಬೇಯಿಸಿ, ಒರಳಿನಲ್ಲಿ ತಿರುವಿ, ಟೀ ಜಾಲರಿಯೊಳಗೆ ಹಾಕಿ ಸೌಟಿನ ಬೆನ್ನಿನಿಂದ ಒತ್ತುವುದು, ಜಾಲರಿಯ ತಳವನ್ನು ಹೊರಗಿನಿಂದ ಕೆರೆದು ತೆಗೆಯುವುದು. ಒಂದು ಬಟ್ಟಲು ತುಂಬಲು ಅರ್ಧ ಬೆಳಗು ಬೇಕಾಗುತ್ತಿತ್ತು.

ಮಾಡಿದ್ದನ್ನೆಲ್ಲ ಮೊದಲು ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡು, ಅಂಗುಳಕ್ಕೆ ಒತ್ತಿ, ಕಣ್ಣು ಮುಚ್ಚಿ ಹುಡುಕುತ್ತಿದ್ದೆ. ಒಂದು ಚೂರು ಸಿಕ್ಕಿದರೂ ಮತ್ತೆ ಜಾಲರಿಗೆ. ಬಾಯಿಯೊಳಗೆ ಅಷ್ಟು ಹುಡುಕಾಟ, ಬಾಯಿಯ ಹೊರಗೆ ಮಾತೇ ಇಲ್ಲ. ಅಣ್ಣ ಸಂಜೆಯಾದರೆ ಹಂದಿ, ಆನೆ ಕಾಯಲು ಹೊಲದ ಅಟ್ಟಣೆಗೆ ಹೋಗುತ್ತಿದ್ದರು, ಬೆಳಗ್ಗೆ ಬಂದು ಕಂಬಳಿ ಮುಸುಕು ಹಾಕಿ ಮಲಗುತ್ತಿದ್ದರು. ಫೋನಿಗೆ ಸಿಗ್ನಲ್ ಸಿಗುವುದು ಹುಣಸೆಮರದ ಬುಡದಲ್ಲಿ ಮಾತ್ರ. ಅಲ್ಲಿಗೆ ಹೋಗಿ ನಿಂತರೂ ಮಾಡುವುದು ಯಾರಿಗೆ? ಯಳಂದೂರಿನಲ್ಲಿ ತಂಗಿ ಇದ್ದಾಳೆ, ಅವಳಿಗೆ ಅವಳ ಸಂಸಾರ. ಮಾಡಿದರೆ “ಏನಕ್ಕ, ದುಡ್ಡೇನಾರ ಬೇಕಿತ್ತಾ?” ಅನ್ನುತ್ತಾಳೆ. ಮಾತಾಡಬೇಕು ಅನ್ನಿಸಿ ಮಾಡಿದ್ದು ಎಂದರೆ ಅವಳಿಗೆ ಗಾಬರಿಯಾಗುತ್ತದೆ.

ಅಕ್ಕನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ನಾನು ಅವರ ಅಡುಗೆಮನೆಯ ಡಬ್ಬಿ ತೆಗೆದರೆ ಸದ್ದಿಗೇ ಮುಖ ಗಂಟಾಗುತ್ತಿತ್ತು. ಚಮಚ ಹತ್ತಿರ ಒಯ್ದರೆ ಕಣ್ಣು ಗೋಡೆಗೆ. ಊರಿನ ಮಕ್ಕಳಿಗೆಲ್ಲ ಬಡಿಸಿದ ಹೆಂಗಸು, ಯಾರೋ ಕೊಳ್ಳೇಗಾಲದವಳ ಮುಂದೆ ಬಾಯಿ ತೆರೆದು ಕೂರಬೇಕು. ನನಗೂ ಸಿಟ್ಟು ಬರುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರಂತೆ. ನನ್ನ ಕೈ ಮೊಣಕೈವರೆಗೆ ಕೆಸರು, ಅವರ ಬಾಯಿಗೆ ಬೀಗ. “ಉಣ್ಣಕ್ಕ ತಾಯಿ, ನಿನ್ ಕಾಲಿಗ್ ಬೀಳ್ತೀನಿ, ಇಲ್ಲಾಂದ್ರೆ ಆ ಪೈಪು ಗತಿ” ಎಂದು ಹೆದರಿಸಿದೆ ಕೂಡ. ಕೆಲವು ಚಮಚ ಇಳಿಯುತ್ತಿದ್ದವು, ಆಮೇಲೆ ತುಟಿ ಬಿಗಿ. ರವಿಕೆಯ ತೋಳು ದಿನದಿನಕ್ಕೆ ಸಡಿಲವಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ನಾನು ಹಿತ್ತಿಲಿನಲ್ಲಿ ಕಲ್ಲು ತೊಳೆಯುತ್ತಿದ್ದೆ. ಒಳಗಿಂದ ಅಣ್ಣ ಕೂಗಿದ ರೀತಿಗೆ ಚೆಂಬು ಕೈಬಿಟ್ಟಿತು. ಓಡಿದೆ. ಅಕ್ಕನ ಮುಖ ಕಪ್ಪಿಟ್ಟಿತ್ತು, ಕೆಮ್ಮಲೂ ಉಸಿರಿಲ್ಲ, ಎಡಗೈ ಗಾಳಿಯಲ್ಲಿ ತಡಕುತ್ತಿತ್ತು. ಮುಂದಕ್ಕೆ ಬಗ್ಗಿಸಿ ಎದೆಯನ್ನು ನನ್ನ ತೋಳಿನ ಮೇಲೆ ಒರಗಿಸಿಕೊಂಡು ಬೆನ್ನಿನ ಮಧ್ಯೆ ಅಂಗೈಯಿಂದ ಗುದ್ದಿದೆ. ಅಯ್ಯೋ ಮಾದಪ್ಪ, ಅಯ್ಯೋ ಮಾದಪ್ಪ ಅನ್ನುತ್ತಲೇ ಗುದ್ದಿದೆ. ಅಡಿಕೆ ಗಾತ್ರದ ಒಂದು ಉಂಡೆ ನೆಲಕ್ಕೆ ಬಿತ್ತು. ರಾಗಿ ಮುದ್ದೆ. ನಮ್ಮ ಕಡೆ ಅದಕ್ಕೆ ಹಿಟ್ಟು ಅನ್ನುವುದು.

ಅಕ್ಕನ ಉಸಿರು ಹಿಡಿತಕ್ಕೆ ಬಂದ ಮೇಲೆ ನನ್ನ ಬಾಯಿ ಬಿಡಿಸಿಕೊಂಡಿತು. “ಏನಣ್ಣ, ಕೊಂದಾಕ್ಬುಡ್ತಿದ್ರಲ್ಲ! ಮೇಡಂ ಅಷ್ಟು ಬಡ್ಕೊಂಡಿದ್ದು ಕೇಳ್ಲಿಲ್ವಾ?”

ಅಣ್ಣ ಗೋಡೆಗೆ ಒರಗಿ ಕುಸಿದಿದ್ದರು. ಕೈಯಲ್ಲಿ ಇನ್ನೊಂದು ತುತ್ತು ಹಾಗೇ ಇತ್ತು.

“ಕೇಳ್ದಿ ಕಣವ್ವ. ಅಗಿಯಾಕ್ ಆಗಲ್ಲ, ಅಗಿಯೋ ಅಂತದ್ದ ಕೊಡ್ಬ್ಯಾಡಿ ಅಂದ್ರು. ಇಟ್ಟ ಯಾರಾದ್ರೂ ಅಗೀತಾರ? ನುಂಗದೇ ತಾನೆ? ಅದ್ಕೆ ಇದೊಂದು ಕೊಡ್ಬೌದು ಅನ್ಕಂಡಿ.”

ಹಿಟ್ಟಿಗೆ ಹಲ್ಲು ತಾಕಿಸಿದರೆ “ಏನ್ಲಾ, ಹಸುಗೂಸಾ ನೀನು?” ಎಂದು ನಗುವ ಸೀಮೆ ನಮ್ಮದು. ಅಗಿಯಬಾರದು ಎಂದು ಡಾಕ್ಟರು ಹೇಳಿದರೆ ನಮ್ಮವರ ತಲೆಗೆ ಬರುವುದೇ ಹಿಟ್ಟು. ಆ ಮನುಷ್ಯ ಅಟ್ಟಣೆಯಿಂದ ಇಳಿದು ಬಂದು, ತಾನೇ ಒಲೆ ಹಚ್ಚಿ, ಕೋಲು ಹಾಕಿ ತಿರುವಿ, ಹೆಂಡತಿಗೆ ಪ್ರೀತಿಯಿಂದ ಕೊಟ್ಟದ್ದು. ಅವರ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಹುಣಸೆಮರದ ಬುಡಕ್ಕೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಜ್ವರ ಬರುತ್ತದಾ ನೋಡಿ, ಉಸಿರಾಟ ಜೋರಾದರೆ ತಕ್ಷಣ ಕರೆತನ್ನಿ ಎಂದರು. ಜ್ವರ ಬರಲಿಲ್ಲ. ಆದರೆ ಅಂದಿನಿಂದ ಅಕ್ಕ ಬಾಯನ್ನೇ ಮುಚ್ಚಿಬಿಟ್ಟರು. ಕುಂಬಳಕ್ಕೂ ಇಲ್ಲ, ಬೇಳೆಗೂ ಇಲ್ಲ, ಗಂಡ ಕೊಟ್ಟರೂ ಇಲ್ಲ. ವಿಷಯ ತಿಳಿದು ಹನೂರಿನಿಂದ ತಮ್ಮ ಬಂದ. ಬಾಗಿಲಲ್ಲಿ ನಿಂತೇ, “ಯಾಕ್ ಈ ಪಾಡು? ಪೈಪೇ ಹಾಕ್ಸ್‌ಬುಡಾಣ ಬಾವ” ಅಂದ. ಅಕ್ಕನ ಸರಿಯಿದ್ದ ಕಣ್ಣಿನಿಂದಲೂ ಲಕ್ವಕ್ಕೆ ಸೊಟ್ಟಗಾಗಿದ್ದ ಕಣ್ಣಿನಿಂದಲೂ ಒಟ್ಟಿಗೆ ನೀರು ಇಳಿಯಿತು. ಆಸ್ಪತ್ರೆಗೆ ಹೋಗುವ ದಿನಕ್ಕೆ ಇನ್ನು ಒಂದು ವಾರವೂ ಇರಲಿಲ್ಲ.

ನಾನು ಯಾವಾಗಲೂ ಅಕ್ಕನಿಗೆ ಕಾಣದಂತೆ ಅಡುಗೆಮನೆಯ ಮೂಲೆಯಲ್ಲಿ ಉಣ್ಣುತ್ತಿದ್ದೆ. ಉಣ್ಣಲಾರದವರ ಮುಂದೆ ಉಣ್ಣಬಾರದು. ತಮ್ಮ ಹೋದ ಮಧ್ಯಾಹ್ನ ಮಾತ್ರ ಊಟದ ಗಂಗಳ ಹಿಡಿದು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಹಿಟ್ಟು, ಕಾಳು ಬೇಯಿಸಿ ಬಸಿದ ಉಪ್ಸಾರು. ಎರಡು ತುತ್ತು ನುಂಗಿ ತಲೆ ಎತ್ತಿದರೆ ಅಕ್ಕ ನೋಡುತ್ತಿದ್ದಾರೆ. ನಾಚಿಕೆಯಾಗಿ ಏಳಲು ಹೋದೆ. ಆಮೇಲೆ ಗಮನಿಸಿದೆ: ಅವರು ಹಿಟ್ಟು ನೋಡುತ್ತಿರಲಿಲ್ಲ, ನನ್ನ ಬೆರಳು ನೋಡುತ್ತಿದ್ದರು. ಮಡಿಲಲ್ಲಿ ಸತ್ತಂತೆ ಬಿದ್ದಿದ್ದ ಬಲಗೈಯ ಬೆರಳುಗಳನ್ನು ಎಡಗೈ ಹಿಡಿದುಕೊಂಡು ಮೆಲ್ಲಗೆ ಒತ್ತುತ್ತಿತ್ತು. ಮುರಿಯುವುದು, ಗುಂಡಗೆ ಮಾಡುವುದು, ಅದ್ದುವುದು. ನಾನು ಒಂದು ತುತ್ತು ಮಾಡಿದರೆ ಅಲ್ಲೂ ಒಂದು.

ಥೂ ನನ್ನ ಬುದ್ಧಿಗಿಷ್ಟು ಅನ್ನಿಸಿತು. ಇಷ್ಟು ದಿನ ನಾನು ಬಾಯಿಯ ಹಿಂದೆ ಬಿದ್ದಿದ್ದೆ. ಅವರಿಗೆ ಬೇಕಿದ್ದದ್ದು ತನ್ನ ಕೈ. ಎಡಗೈ ಸರಿಯಿದೆ, ಅದರಲ್ಲಿ ಉಣ್ಣಿ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದಕ್ಕೆ ಅಕ್ಕ ತಟ್ಟೆಯನ್ನೇ ತಳ್ಳಿದ್ದರಂತೆ. ಎಡಗೈಯಲ್ಲಿ ಯಾರು ಉಣ್ಣುತ್ತಾರೆ?

ಆಗಲೇ ನಿರ್ಧಾರ ಮಾಡಿದೆ. ಹಿಟ್ಟೇ ಕೊಡುತ್ತೇನೆ, ಅವರ ಬಲಗೈಯಿಂದಲೇ ಕೊಡುತ್ತೇನೆ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಇನ್ನೊಂದು ಸಲ ಗಂಟಲಿಗೆ ಸಿಕ್ಕಿಕೊಂಡರೆ ಗಂಡ ಕೊಟ್ಟದ್ದು ಅಂತಾಗುವುದಿಲ್ಲ, ಕೂಲಿಯವಳು ಕೊಂದಳು ಅಂತಾಗುತ್ತದೆ. ಕೇಳೋಣವೆಂದು ಅಣ್ಣನನ್ನು ಎಬ್ಬಿಸಿದೆ. ಅವರು ಕಂಬಳಿ ಸರಿಸಿ ಎದ್ದು ಕೂತು, “ನಂಗೇನೂ ಗೊತ್ತಾಗದಿಲ್ಲ ಕಣವ್ವ. ಆ ಪೈಪೊಂದು ಬ್ಯಾಡ. ನೀ ಏನಾರ ಮಾಡು” ಅಂದರು.

ರಾಗಿಹಿಟ್ಟನ್ನು ಪಂಚೆಯ ತುಂಡಿನಲ್ಲಿ ಒಣಗಿದ್ದಾಗಲೇ ಜರಡಿ ಹಿಡಿದೆ. ನೀರಿಗೆ ಸೋತ ಬಟ್ಟೆ ಒಣಹಿಟ್ಟಿಗೆ ಗೆದ್ದಿತು, ಹೊಗೆಯಂಥ ಪುಡಿ ಇಳಿಯಿತು. ಗಂಟಾಗದಂತೆ ಅದನ್ನು ತಣ್ಣೀರಿನಲ್ಲೇ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದೆ. ಅಂಬಲಿಗಿಂತ ಗಟ್ಟಿ, ಹಿಟ್ಟಿಗಿಂತ ಸಡಿಲ. ಅಂಟು ಹೋಗಲು ಬೆಣ್ಣೆ. ಆಮೇಲೆ ಬಿಸಿಯಿರುವಾಗಲೇ ಜಾಲರಿಯಲ್ಲಿ ಒತ್ತಿದೆ. ಉಪ್ಸಾರಿನ ಕಾಳನ್ನು ಸಿಪ್ಪೆ ಬಿಡಿಸಿ ನುಣ್ಣಗೆ ತಿರುವಿ, ಆ ತಿರುಳಿನಲ್ಲೇ ಸಾರನ್ನು ಮಂದ ಮಾಡಿದೆ. ಮೊದಲ ಸಲ ಗಟ್ಟಿಯಾಯಿತು, ನಾಲಿಗೆಗೆ ಹತ್ತಿತು, ಎಸೆದೆ. ಎರಡನೆಯದು ಚಮಚದಿಂದ ಹನಿಯಿತು. ಅದನ್ನು ನಾನು ಕುಡಿದೆ. ಮೂರನೆಯದನ್ನು ನೀರು ಸವರಿದ ಬಟ್ಟಲಿಗೆ ಹಾಕಿ ಅಕ್ಕನ ಗಂಗಳಕ್ಕೆ ಬೋರಲು ಹಾಕಿದೆ. ಬಟ್ಟಲು ಎತ್ತಿದಾಗ ಗುಂಡಗೆ ನಿಂತಿತು, ಆಮೇಲೆ ಕೂತ ಎಮ್ಮೆಯ ಹಾಗೆ ಸ್ವಲ್ಪ ಕುಸಿಯಿತು. ಪರವಾಗಿಲ್ಲ, ನೋಡಿದರೆ ಹಿಟ್ಟೇ.

ಅಕ್ಕನನ್ನು ನೆಟ್ಟಗೆ ಕೂರಿಸಿ ಬಲಗೈಯನ್ನು ಚೆಂಬಿನ ನೀರಿನಲ್ಲಿ ತೊಳೆದೆ, ಊಟಕ್ಕೆ ಮುಂಚೆ ಎಲ್ಲರೂ ತೊಳೆಯುವಂತೆ. ಅವರ ಬಲಕ್ಕೆ ಒತ್ತಿ ಕೂತು, ನನ್ನ ಅಂಗೈಯನ್ನು ಅವರ ಅಂಗೈಯ ಕೆಳಗಿಟ್ಟು, ಬೆರಳುಗಳನ್ನು ಬೆರಳುಗಳಿಗೆ ಹೊಂದಿಸಿದೆ. ತಣ್ಣಗಿನ ಕೈ. ಇಬ್ಬರ ಕೈಯೂ ಸೇರಿ ಕಡಲೆಕಾಳಿನಷ್ಟು ತೆಗೆದವು, ಸಾರಿಗೆ ಅದ್ದಿದವು, ಮೇಲೆದ್ದವು. ತುಟಿಯ ಹತ್ತಿರ ಹೋಗುವ ಮೊದಲೇ ಅಕ್ಕ ಬಾಯಿ ತೆರೆದರು. ಗದ್ದ ಕೆಳಗೆ ಮಾಡಿಸಿ ಕಾದೆ. ಗಂಟಲು ಮೇಲೆದ್ದು ಇಳಿಯಿತು. “ಅಂ ಅನ್ನಕ್ಕ” ಅಂದೆ. “ಅಂ” ಅಂದರು. ಗೊರಗೊರ ಇಲ್ಲದ, ಒಣಗಿದ ಸ್ವಚ್ಛ ದನಿ.

ಆ ಗಂಗಳ ಖಾಲಿಯಾಗುವ ಹೊತ್ತಿಗೆ ಹೊರಗೆ ಬಿಸಿಲು ಇಳಿದಿತ್ತು, ನನ್ನ ಬೆನ್ನು ಬಿದ್ದುಹೋಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಆದರೆ ಅಂದಿನಿಂದ ಒರಳಿನ ಸದ್ದು ಕೇಳಿದರೆ ತಾವೇ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲ ಮೇಲೆ ಸರಿಮಾಡಿಟ್ಟುಕೊಂಡು ಕಾಯುತ್ತಿದ್ದರು. ಕುಂಬಳವೂ ಇಳಿಯಿತು, ಸೊಪ್ಪೂ ಇಳಿಯಿತು.

ಆಸ್ಪತ್ರೆಗೆ ಹೋದ ದಿನ ತಮ್ಮನೂ ಬಂದಿದ್ದ. ಮನೆಯಿಂದ ಡಬ್ಬಿಯಲ್ಲಿ ಹಿಟ್ಟು ತಂದಿದ್ದೆ. ಮೇಡಂ ಅದನ್ನು ಓರೆ ಮಾಡಿ ನೋಡಿ, ತಲೆಯಾಡಿಸಿ, ಆಸ್ಪತ್ರೆಯ ಚಮಚದಲ್ಲಿ ತೆಗೆದು ಅಕ್ಕನ ಬಾಯಿಗೆ ಹಿಡಿದರು. ಅಕ್ಕ ತುಟಿ ಬಿಗಿದರು. ಮತ್ತೆ ಹಿಡಿದರು, ಮುಖ ಗೋಡೆಗೆ ತಿರುಗಿತು. ತಮ್ಮ ನಿಟ್ಟುಸಿರು ಬಿಟ್ಟು, “ಹಿಂಗೇ ಮೇಡಂ. ಪೈಪ್ ಹಾಕ್ಬುಡಿ” ಅಂದ. ಮೇಡಂ ಚಮಚ ಕೆಳಗಿಟ್ಟರು. ನಾನು ಬಾಗಿಲ ಬಳಿ, ನಮ್ಮಂಥವರು ನಿಲ್ಲುವ ಜಾಗದಲ್ಲಿ ನಿಂತಿದ್ದೆ. ಮನೆಯವರು ಬಾಯಿ ತೆರೆದಾಗ ನಾವು ತೆರೆಯಬಾರದು ಎಂಬುದು ಈ ಕೆಲಸದ ಮೊದಲ ಪಾಠ, ಅದು ನನ್ನನ್ನು ಹಿಡಿದು ನಿಲ್ಲಿಸಿತ್ತು.

ಆಗ ಅಕ್ಕ ಎಡಗೈಯಿಂದ ತನ್ನದೇ ಬಲಗೈಯ ಮಣಿಕಟ್ಟು ಹಿಡಿದರು. ಭಾರದ ಬಿಂದಿಗೆ ಎತ್ತುವಂತೆ ಎತ್ತಿದರು. ಮೇಡಂ ಕಡೆ ಅಲ್ಲ, ತಮ್ಮನ ಕಡೆ ಅಲ್ಲ, ಕೋಣೆಯಾಚೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆಗೆ ಚಾಚಿದರು. ಎತ್ತಿ ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ.

“ಓಗವ್ವ, ನಿನ್ನ ಕರೀತಾವ್ಳೆ” ಅಂದರು ಅಣ್ಣ.

ಹೋಗಿ ಪಕ್ಕಕ್ಕೆ ಕೂತೆ. ಮೇಡಂ ಕುರ್ಚಿ ಎಳೆದುಕೊಂಡು, ಅಕ್ಕನ ಗಂಟಲಿಗೆ ಎರಡು ಬೆರಳು ತಾಗಿಸಿ ಕೂತರು. ಒಂದು ತುತ್ತು ಇಳಿಯಿತು. “ಇನ್ನೊಂದು.” ಅದೂ ಇಳಿಯಿತು. “ಇನ್ನೊಂದು.” ಡಬ್ಬಿಯ ತಳ ಕಂಡ ಮೇಲೆ ತೂಕ ನೋಡಿ, ಎದೆಗೆ ಯಂತ್ರವಿಟ್ಟು ಕೇಳಿ, “ಪೈಪ್ ಬೇಡ” ಅಂದರು. ಆಮೇಲೆ ಅಣ್ಣನ ಕಡೆ ತಿರುಗಿ, “ಇದನ್ನ ನೀವೂ ಕಲೀಬೇಕು. ಇವ್ರು ಎಷ್ಟು ದಿನ ಇರ್ತಾರೆ?” ಅಂದರು.

ಸರಿಯಾದ ಮಾತೇ. ಅಣ್ಣ ಕಲಿತರು. ಕಾವಲಿಗೆ ಬೇರೆಯವರನ್ನು ಗೊತ್ತು ಮಾಡಿ ಮನೆಯಲ್ಲೇ ಉಳಿದರು, ಜಾಲರಿಯಲ್ಲಿ ಒತ್ತುವುದನ್ನೂ ಕಲಿತರು. ಮೊದಲ ದಿನ ಅವರ ಒರಟು ಅಂಗೈಯನ್ನು ಅಕ್ಕನ ಕೈಯ ಕೆಳಗೆ ನಾನೇ ಹೊಂದಿಸಿ, ನನ್ನ ಕೈ ತೆಗೆದೆ. ಅಕ್ಕ ಒಂದು ಗಳಿಗೆ ತಡೆದರು, ಆಮೇಲೆ ಬಾಯಿ ತೆರೆದರು. ನಾನು ಹಿತ್ತಿಲಿಗೆ ಹೋಗಿ ತೊಳೆದ ಕಲ್ಲನ್ನೇ ಮತ್ತೆ ತೊಳೆದೆ. ಅಕ್ಕ ಉಣ್ಣಬೇಕೆಂದು ತಿಂಗಳಿಡೀ ಮಾದಪ್ಪನಿಗೆ ಮೊರೆಯಿಟ್ಟವಳಿಗೆ ಆ ಹೊತ್ತು ಹೊಟ್ಟೆಕಿಚ್ಚಾಯಿತು. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ.

ಅಣ್ಣನ ಕೈ ಪಳಗಿದ ಮೇಲೆ ಕೊಳ್ಳೇಗಾಲದ ಬಸ್ಸು ಹತ್ತಿ ಬಂದು ನನ್ನ ಬಾಡಿಗೆ ಕೋಣೆಯ ಬೀಗ ತೆಗೆದೆ. ಪಕ್ಕದ ಮನೆಯಲ್ಲಿ ಮಗ್ಗ ಲಟಪಟ ಅನ್ನುತ್ತಿತ್ತು. ಕಸ ಗುಡಿಸಿ, ಸ್ಟವ್ ಹಚ್ಚಿ, ಒಬ್ಬಳಿಗಾಗುವಷ್ಟು ಹಿಟ್ಟು ತಿರುವಿ, ಗಟ್ಟಿಯಾದ ಹಿಟ್ಟು, ಗೋಡೆಗೆ ಒತ್ತಿ ಉಣ್ಣಲು ಕೂತೆ. ತುತ್ತು ಮುರಿದು, ಗುಂಡಗೆ ಮಾಡಿ, ಸಾರಿಗೆ ಅದ್ದಿ ಎತ್ತಿದೆ. ಕೈ ನನ್ನ ಬಾಯಿಗೆ ಬರಲಿಲ್ಲ. ತಾನಾಗಿಯೇ ಎಡಕ್ಕೆ, ಅಕ್ಕ ಕೂರುತ್ತಿದ್ದ ಕಡೆಗೆ ತಿರುಗಿ, ಅಲ್ಲಿ ನಿಂತು ಕಾಯಿತು. ಎಡಕ್ಕೆ ಗೋಡೆ ಇತ್ತು.